ನಡುಗಡ್ಡಿಯೊಳಗ ನೋಡೂದೇನೈತಿ

ನೋಡಾಕ ಏನೂ ಇಲ್ಲ. ಇದನ್ನ ಮೊದಲ ಹೇಳಿಬಿಡತೇನಿ. ಒಂದು ಬನ್ನಿಗಿಡ, ಒಂದು ಹಾಸುಗಲ್ಲು, ನಾಕು ಕಳ್ಳಿಗಿಡ. ನವಿಲುತೀರ್ಥದ ಅಣೆಕಟ್ಟು ತುಂಬಿ ನಮ್ಮೂರು ಮುಳುಗಿದಾಗ ಊರ ಮುಂದಿನ ಮಡ್ಡಿಯ ತುದಿ ಅಷ್ಟ ನೀರಿನ ಮ್ಯಾಲ ಉಳೀತು. ಸವದತ್ತಿಯ ನಿಜಗುಣಪ್ಪ ಅದಕ್ಕ ನಡುಗಡ್ಡಿ ಅಂತ ಹೆಸರಿಟ್ಟು, ಎಲ್ಲಿಂದಲೋ ಒಂದು ಮೋಟಾರ ಲಾಂಚು ತಂದು, ಅಣೆಕಟ್ಟು ನೋಡಾಕ ಬಂದ ಮಂದೀನ ಅಲ್ಲಿಗೆ ಒಯ್ಯಾಕ ಸುರು ಮಾಡಿದ. ಅಲ್ಲಿ ಅರ್ಧ ತಾಸು ಮುಕ್ಕಾಮು. ಏನ್ ನೋಡಬೇಕು, ಏನ್ ಮಾಡಬೇಕು ಅಂತ ಮಂದಿಗೆ ಹೇಳೂ ಕೆಲಸ ನಂದು. ನನ್ನ ಹೆಸರು ಬಸಲಿಂಗಪ್ಪ.

ಲಾಂಚ ನಡಸಾಂವ ಪರಪ್ಪ. ಮುಳುಗಿದ ಊರಾಗ ಅವನ ಹೊಲ, ನನ್ನ ಹೊಲ ಆಜೂಬಾಜೂ. ನಡುವಿನ ಒಡ್ಡು ಯಾರದು ಅಂತ ಹನ್ನೊಂದು ವರ್ಷ ಕೋರ್ಟಿಗೆ ಅಡ್ಡಾಡಿದ್ವಿ. ತೀರ್ಪು ಬರೂದಕ್ಕಿಂತ ಮೊದಲ ನೀರು ಬಂತು, ಒಡ್ಡೂ ಮುಳುಗಿತು. ಆದರ ಬಿಟ್ಟ ಮಾತು ಬಿಟ್ಟಂಗ ಉಳೀತು. ಒಂದ ಲಾಂಚಿನ್ಯಾಗ ಕೆಲಸ ಹೆಂಗ ನಡೀತೈತಿ ಅಂತೀರಿ? ನಾನು ಮಂದಿಗೆ ಹೇಳತೇನಿ, ಮಂದಿ ಅವಗ ಹೇಳತಾರ. ಎರಡು ವರ್ಷದಾಗ ಒಂದ ಸಲನೂ ತ್ರಾಸ ಆಗಿಲ್ಲ.

ಎಪ್ಪತ್ತಾರನೇ ಇಸವಿ ಸೀಗಿ ಹುಣ್ಣಿವಿ ದಿನ ನನ್ನ ಹೆಣತಿ ರಾಚವ್ವ ತಲಿ ಮ್ಯಾಲ ಬುಟ್ಟಿ ಹೊತ್ತು ನೀರಿನ ದಂಡಿಗೆ ಬಂದು ನಿಂತಳು. ಆ ಹುಣ್ಣಿವಿಗೆ ಭೂಮಿತಾಯಿ ಬಸರಿ, ಆಕೀಗೆ ಬಯಕಿ ಊಟ ಮಾಡಿ ಹೊಲಕ್ಕ ಒಯ್ದು ಎಡಿ ಕೊಡಬೇಕು. ನೀರು ಬಂದ ಮ್ಯಾಲ ನಮ್ಮ ಮನ್ಯಾಗ ಆ ಹಬ್ಬ ಆಗಿರಲಿಲ್ಲ.

"ಎಲ್ಲಿ ಕೊಡತೀ ಎಡಿ?" ಅಂದೆ.

"ನಮ್ಮ ಹೊಲಕ್ಕ."

"ಹೊಲ ನೀರಾಗೈತಿ."

"ನೀರಾಗಿದ್ದರ ಹಸಿವಿ ಆಗೂದಿಲ್ಲೇನು? ಮೂರು ವರ್ಷ ಉಪವಾಸ ಕೆಡವೀರಿ ಆಕೀನ. ಇವತ್ತ ಈ ಎಡಿ ನಮ್ಮ ಮಣ್ಣ ಮುಟ್ಟಲಿಲ್ಲಂದ್ರ ಇನ್ನ ಮ್ಯಾಲ ನಾನು ಯಾವ ಹಬ್ಬಾನೂ ಮಾಡಾಕಿ ಅಲ್ಲ."

ಬುಟ್ಟಿ ಇಳಿಸಿಕೊಂಡು ಲಾಂಚ ಹತ್ತು ಅಂದೆ.

ಆವತ್ತ ಎಂಟು ಮಂದಿ ಬಂದಿದ್ದರು. ಅವರೊಳಗ ಹೆಣತಿ ಕರಕೊಂಡು ಬಂದಿದ್ದ ಬೈಲಹೊಂಗಲದ ಒಬ್ಬರು ಮಾಸ್ತರು ಭಾಳ ಚೌಕಸಿ ಮನಶಾ. ನಡುಗಡ್ಡಿಗೆ ಇಳಿದು ಬನ್ನಿಗಿಡ ನೋಡಿದರು, ಹಾಸುಗಲ್ಲ ನೋಡಿದರು.

"ಇಷ್ಟೇನ್ರಿ?"

"ಇಷ್ಟರಿ."

"ಇಲ್ಲಿ ಮಾಡೂದೇನೈತಿ?"

"ಕುಂಡ್ರೂದರಿ."

"ಕುಂತ ಮ್ಯಾಲ?"

"ಏಳೂದರಿ."

ಮಾಸ್ತರು ಟೊಪಗಿ ತಗದು ತಲಿ ಕೆರಕೊಂಡರು. ಕೊಟ್ಟ ರೊಕ್ಕಾ ದಂಡ ಆತು ಅಂತ ಹಿಂದ ಯಾರೋ ಗೊಣಗಿದರು. ಇದ ಹೊತ್ತು ಅಂತ ನಾನಂದೆ, "ಇನ್ನೊಂದೈತರಿ. ನನ್ನ ಹೊಲ. ಕಾಣೂದಿಲ್ಲ, ಆದರ ಐತಿ. ಇವತ್ತ ಅದಕ್ಕ ಎಡಿ ಕೊಡೂದೈತಿ, ಬರತೀರೇನು? ಉಳದದ್ದು ಎಲ್ಲಾರಿಗೂ ಊಟ." ಊಟ ಅಂದ ಕೂಡಲೇ ಎಂಟೂ ಮಂದಿ ಲಾಂಚ ಹತ್ತಿ ಕುಂತರು.

ಬನ್ನಿಗಿಡಾನ ಬೆನ್ನಿಗೆ ಹಿಡದು, ಎದುರು ಯಲ್ಲಮ್ಮನ ಗುಡ್ಡದ ಗುರುತು ನೋಡಿ, "ಮಾಸ್ತರ, ಇಲ್ಲೇ ನಿಲ್ಲಸಂತ ಹೇಳ್ರಿ" ಅಂದೆ. ಮಾಸ್ತರು ಹೇಳಿದರು. ಪರಪ್ಪ ನಿಲ್ಲಿಸಿದ. ನಿಲ್ಲಸೂಮುಂದ ಮಾರಿ ಒಂಥರಾ ಮಾಡಿದ, ನಾನು ನೋಡಿಲ್ಲದಂಗ ಮಾಡಿದೆ.

ಆಳ ನೋಡಾಕ ರಾಚವ್ವ ತಂದಿದ್ದ ಖಾಲಿ ಗಡಗಿಯೊಳಗ ಕಲ್ಲಿಟ್ಟು, ಲಾಂಚಿನ ಹಗ್ಗ ಕಟ್ಟಿ ಬಿಟ್ಟೆ. ತಳಾ ಹತ್ತಿತು. ಎಳಕೊಂಡೆ. ಗಡಗಿ ಬುಡಕ್ಕ ಕೆಂಪು ಮಣ್ಣು ಮೆತ್ತಿತ್ತು.

ರಾಚವ್ವ ಮಣ್ಣ ತಿಕ್ಕಿ ನೋಡಿದಳು. "ಇದು ಮಸಾರಿ. ನಮ್ಮದು ಎರಿ ಹೊಲ, ಕರೀ ಮಣ್ಣು. ಇದು ನಮ್ಮದಲ್ಲ."

"ನಮ್ಮದ. ನನಗ ಗೊತ್ತಿಲ್ಲೇನು?"

"ಹನ್ನೊಂದು ವರ್ಷ ಕೋರ್ಟಿನ್ಯಾಗೂ ಹಿಂಗ ಅಂದ್ರಿ."

ಎಂಟು ಮಂದಿ ಮುಂದ ಮರ್ಯಾದಿ ಹೋತು. ಇನ್ನೊಂದ ಸಲ ಗುಡ್ಡ ನೋಡಿದೆ, ಗಿಡ ನೋಡಿದೆ. ಖರೇ ಹೇಳತೇನಿ, ನನ್ನ ಹೊಲ ಎಲ್ಲೈತಿ ಅಂತ ನನಗ ತಿಳೀಲಿಲ್ಲ. ಮೂವತ್ತು ವರ್ಷ ಉತ್ತಾಂವ ನಾನು. ರಾಚವ್ವ ಬುಟ್ಟಿ ತೊಡಿ ಮ್ಯಾಲ ಇಟಗೊಂಡು ನೀರ ನೋಡಕೋತ ಕುಂತಳು. ಆಗ ನನಗ ಅಳು ಬಂದಂಗಾತು.

"ಇದು ನಂದು," ಅಂದ ಪರಪ್ಪ. ಯಾರ ಕಡೆನೂ ನೋಡಲಿಲ್ಲ. "ಮಾಸ್ತರ, ಕುಂಡ್ರಾಕ ಹೇಳ್ರಿ."

ಮೋಟಾರ ಸುರು ಮಾಡಿ ಎಡಕ್ಕ ಹೊಳ್ಳಿಸಿದ. ಸಾವಕಾಶ ಹತ್ತು ಮಾರು ಹೋಗಿ ಬಂದ್ ಮಾಡಿದ. ರಾಚವ್ವ ಗಡಗಿ ತುಂಬ ಕಡಬು, ಹೋಳಿಗಿ, ಮೊಸರ ಬಾನ ಹಾಕಿ, ಅರಿಷಿಣ ಕುಂಕುಮ ಏರಿಸಿ, ಕಲ್ಲಿಟ್ಟು ಕೆಳಗ ಬಿಟ್ಟಳು. ಇಲ್ಲಿ ಆಳ ಹೆಚ್ಚಿತ್ತು, ಹಗ್ಗ ಸಾಲಲಿಲ್ಲ. ನಾನು ತಲೀಗೆ ಸುತ್ತಿದ ಪಟಗಾ ಬಿಚ್ಚಿ ಗಂಟ ಹಾಕಿದೆ. ಸಾಲಲಿಲ್ಲ. ಪರಪ್ಪ ತನ್ನ ಪಟಗಾ ಬಿಚ್ಚಿ ಮಾಸ್ತರ ಕೈಯಾಗ ಕೊಟ್ಟ, ಮಾಸ್ತರು ನನ್ನ ಕೈಯಾಗ ಕೊಟ್ಟರು. ಅದನ್ನೂ ಕಟ್ಟಿದ ಮ್ಯಾಲ ಕೈಯಾಗಿನ ಭಾರ ಒಮ್ಮೆಲೆ ಇಳೀತು.

"ಮುಟ್ಟಿತು," ಅಂದೆ.

ಸ್ವಲ್ಪ ಹೊತ್ತು ಬಿಟ್ಟು ಜಗ್ಗಿ ಎಳದ್ವಿ. ಗಡಗಿಯೊಳಗ ಕಲ್ಲಷ್ಟ ಉಳದಿತ್ತು. ಬುಡಕ್ಕ ಕರೀ ಮಣ್ಣು. ರಾಚವ್ವ ಅದನ್ನ ಮೂಸಿದಳು, ಹಣಿಗೆ ಹಚಗೊಂಡಳು, ಆಮ್ಯಾಲ ಜೋರಾಗಿ ಅತ್ತಳು. ಮಾಸ್ತರ ಹೆಣತಿ ಆಕೀ ಬೆನ್ನ ಮ್ಯಾಲ ಕೈಯಾಡಿಸಿದರು.

ಊಟ ಹಂಚೂಮುಂದ ಪರಪ್ಪ ಎಲಿ ಹಿಡೀಲಿಲ್ಲ. ನೀರು ಬಂದ ವರ್ಷನ ಅವನ ಹೆಣತಿ ತೀರಿಕೊಂಡಿದ್ದಳು. ಮನ್ಯಾಗ ಕಡಬು ಮಾಡವರು ಯಾರೂ ಇಲ್ಲ.

"ಯಕ್ಕಾ," ಅಂದ ರಾಚವ್ವಗ, "ನನ್ನ ಹೊಲಕ್ಕೂ ಒಂದ ಕಡಬು ಬಿಡ್ತೀಯೇನ?"

ರಾಚವ್ವ ನನ್ನ ಸಲುವಾಗಿ ತಗದಿಟ್ಟ ಎಲಿ ಪೂರಾ ಗಡಗಿಗೆ ಹಾಕಿದಳು. "ನಡುವಿನ ಒಡ್ಡಿನ ಮ್ಯಾಲ ನಿಲ್ಲಸು, ಪರಪ್ಪಣ್ಣ. ಯಾರದರ ಇರಲಿ ಅದು." ಅಲ್ಲಿ ಹೋಗಿ ಬಿಟ್ವಿ.

ದಂಡಿಗೆ ಬಂದಾಗ ನಿಜಗುಣಪ್ಪ ಕಾಯಕೋತ ನಿಂತಿದ್ದ. ಒಂದು ತಾಸು ತಡಾ ಆಗಿತ್ತು. "ಇಷ್ಟೊತ್ತನ ಏನ್ ನೋಡಿದ್ರಿ?" ಅಂತ ಮಾಸ್ತರನ್ನ ಕೇಳಿದ.

"ಎರಡು ಹೊಲ," ಅಂದರು ಮಾಸ್ತರು. "ಒಂದು ಎರಿ, ಒಂದು ಮಸಾರಿ. ಛಲೋ ಅದಾವು."

ನಾನು ಹಸಿ ಪಟಗಾ ಹಿಂಡಕೋತ ಅಂದೆ, "ಲಾಂಚ ಕಟ್ಟಿ ಮನೀಗೆ ಬಾ. ಇನ್ನೂ ಕಡಬು ಅದಾವು."

ಮಾಸ್ತರು ರೂಢಿ ಆಗಿ ಆ ಕಡೆ ಹೊಳ್ಳಿದರು. "ಪರಪ್ಪ, ಬಸಲಿಂಗಪ್ಪನವರು ಅಂತಾರ..."

"ಕೇಳಿಸ್ತರಿ," ಅಂದ ಪರಪ್ಪ.