ಕಿಟಕಿಯ ಕೆಳಗಿನ ಒಂಬತ್ತನೇ ಬಸ್ಸು

"ಪಕ್ಕದ ಮನೇಲೂ ಇಲ್ಲ ಕಣೇ, ಅಂಗಡಿ ಹತ್ರಾನೂ ಇಲ್ಲ. ಬಸ್ಸಿಂದ ಇಳಿದ್ಲು ಅಂತ ನೀನೇ ತಾನೇ ಹೇಳಿದ್ದು?"

ಮೊದಲ ಸಲ ಫೋನು ಮಾಡಿದಾಗ ಅತ್ತಿಗೆಯ ದನಿಯಲ್ಲಿ ಬರೀ ಸಿಡುಕಿತ್ತು. ಮಗಳು ಗುಬ್ಬಿ ಇನ್ನೂ ಮನೆಗೆ ಬಂದಿಲ್ಲ, ನಿಮ್ಮ ಬಸ್ಸೇನು ತೆವಳಿಕೊಂಡು ಬರ್ತಿದೆಯಾ ಎಂದು ರೇಗಿದ್ದಳು. ಈಗ ಆ ದನಿ ನಡುಗುತ್ತಿತ್ತು. ಶಾಲಾ ಬಸ್ಸುಗಳ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ನಾದಿನಿ ಪರದೆಯ ಹತ್ತಿರಕ್ಕೆ ಬಾಗಿದಳು.

"ಫೋನ್ ಇಡ್ಬೇಡಿ ಅತ್ತಿಗೆ. ಇನ್ನೊಂದ್ಸಲ ನೋಡ್ತೀನಿ."

ನೋಡುವುದೇನು? ಪರದೆಯ ಮೇಲಿನ ಚೌಕದಲ್ಲಿ ಒಂಬತ್ತನೇ ನಂಬರ್ ಬಸ್ಸು. ಕೆಳಗಿನ ಚೌಕದಲ್ಲಿ ಹಚ್ಚ ಹಸಿರು ಅಕ್ಷರ: ಎಲ್ಲ ಮಕ್ಕಳೂ ಇಳಿದಿದ್ದಾರೆ. ಮಕ್ಕಳ ಹೆಸರುಗಳ ಮೇಲೆ ಕಣ್ಣಾಡಿಸದೆ, ಅದೊಂದನ್ನೇ ಓದಿ ಅವಳು ಅತ್ತಿಗೆಗೆ ಧೈರ್ಯ ಹೇಳಿದ್ದಳು. ಅತ್ತಿಗೆ ಅದನ್ನು ನಂಬಿಕೊಂಡು, ಇಷ್ಟು ಹೊತ್ತು ಬಿಸಿಲಲ್ಲಿ ಬೀದಿ ಬೀದಿ ಹುಡುಕಿದ್ದಳು.

ಈ ಎರಡು ಚೌಕಗಳು ಮಾತು ಬಿಟ್ಟ ಓರಗಿತ್ತಿಯರಿದ್ದ ಹಾಗೆ. ಮೇಲಿನದಕ್ಕೆ ಬಸ್ಸಿನ ನಂಬರ್ ಮಾತ್ರ ಗೊತ್ತು. ಕೆಳಗಿನದು ಆಯಾಗಳ ಮೊಬೈಲಿನಿಂದ ಬರುವ ಮಾಹಿತಿ, ಯಾರು ಹತ್ತಿದರು, ಯಾರು ಇಳಿದರು ಅಂತ. ಅದಕ್ಕೆ ಗೊತ್ತಿರುವುದು ದಾರಿಯ ಹೆಸರು ಮಾತ್ರ. ಇಬ್ಬರಿಗೂ ಸಂಬಂಧವೇ ಇಲ್ಲ. ಇವಳು ನಡುವೆ ನಿಂತು, ಮೇಲೆ ನಂಬರ್ ಒತ್ತಿದರೆ ಕೆಳಗೆ ಅದರ ದಾರಿ ತಾನಾಗೇ ಆಯ್ಕೆಯಾಗುವಂತೆ ಮಾಡಿದ್ದಳು. ಮಾಲೀಕರು ಬೆನ್ನು ತಟ್ಟಿದ್ದರು. ಇವಳೂ ಉಬ್ಬಿದ್ದಳು, ಸುಳ್ಳೇಕೆ!

ಏನೋ ಅನುಮಾನ ಬಂದು ಅವಳು ಐದನೇ ನಂಬರ್ ಒತ್ತಿದಳು. ಕೆಳಗಿನ ಚೌಕ ಬದಲಾಯಿತು, ಅಲ್ಲಿದ್ದ ಮಕ್ಕಳ ಹೆಸರುಗಳೂ ಬದಲಾದವು. ಮತ್ತೆ ಒಂಬತ್ತು ಒತ್ತಿದಳು. ಕೆಳಗೆ ಏನೂ ಅಲುಗಾಡಲಿಲ್ಲ. ಐದನೇ ಬಸ್ಸಿನ ಮಕ್ಕಳೇ ಹಸಿರಾಗಿ ಕೂತಿದ್ದರು.

ಅಯ್ಯೋ ದೇವರೇ. ರಸ್ತೆ ಅಗೆದಿದ್ದಾರೆಂದು ಒಂಬತ್ತರ ದಾರಿ ಬದಲಾಗಿತ್ತು, ಆ ದಾರಿಗೆ ಹೊಸ ಹೆಸರೂ ಬಂದಿತ್ತು. ಅವಳು ಮಾಡಿದ ಜೋಡಣೆಯಲ್ಲಿ ಹಳೇ ಹೆಸರೇ ಉಳಿದಿತ್ತು. ಹೆಸರು ಸಿಗದಿದ್ದರೆ ಸಿಗಲಿಲ್ಲ ಎಂದು ಹೇಳುವ ಬುದ್ಧಿಯನ್ನು ಅವಳು ಅದಕ್ಕೆ ಕಲಿಸಿರಲಿಲ್ಲ. ಅದು ಬಾಯಿ ಮುಚ್ಚಿಕೊಂಡು, ಹಿಂದೆ ಯಾರನ್ನು ತೋರಿಸುತ್ತಿತ್ತೋ ಅವರನ್ನೇ ತೋರಿಸುತ್ತಿತ್ತು.

ಕೆಳಗಿನ ಚೌಕದಲ್ಲಿ ಹೊಸ ದಾರಿಯ ಹೆಸರನ್ನು ತಾನೇ ಹುಡುಕಿದಳು. ಒತ್ತಿದಳು. ಹಸಿರಿನ ನಡುವೆ ಒಂದೇ ಒಂದು ಕೆಂಪು ಗೆರೆ, ಗುಬ್ಬಿಯದು. ಹತ್ತಿದ್ದಾಳೆ, ಇಳಿದಿಲ್ಲ.

"ಏನೇ ಅದು? ಮಾತಾಡೇ!" ಅತ್ತಿಗೆ ಕೂಗುತ್ತಿದ್ದಳು.

ಫೋನು ಹಿಡಿದೇ ನಾದಿನಿ ಎದ್ದಳು. ಕತ್ತು ತಿರುಗಿಸಿ ಕಿಟಕಿಯಾಚೆ ನೋಡಿದಳು. ಕೆಳಗಿನ ಅಂಗಳದಲ್ಲಿ, ಮರದ ನೆರಳೂ ಇಲ್ಲದ ಕಡೆ, ಗಾಜುಗಳನ್ನೆಲ್ಲ ಮುಚ್ಚಿಕೊಂಡು ಒಂಬತ್ತನೇ ಬಸ್ಸು ನಿಂತಿತ್ತು. ಬೆಳಗ್ಗೆಯಿಂದ ಅವಳು ಬಗ್ಗಿ ಕೆಳಗೆ ನೋಡಿರಲೇ ಇಲ್ಲ.

ಮೆಟ್ಟಿಲಿಳಿದದ್ದು ಹೇಗೋ ಅವಳಿಗೇ ಗೊತ್ತಿಲ್ಲ. "ಗ್ರೀಸಣ್ಣಾ, ಬಾಗ್ಲು ತೆಗೀರಿ, ಬೇಗ!"

ಇನ್ನೊಂದು ಬಸ್ಸಿನಡಿ ಮಲಗಿ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ತಲೆ ಹೊರಗೆ ಹಾಕಿದ. "ಡ್ರೈವರ್ ಬೀಗದ ಕೈ ತಗೊಂಡು ಊಟಕ್ಕೆ ಹೋದ್ನಲ್ಲಮ್ಮಾ. ಬಸ್ಸು ಖಾಲಿ ಅಂದ."

"ಒಳಗೆ ಮಗು ಇದೆ!"

ಅವನು ಕೈಲಿದ್ದ ಸ್ಪ್ಯಾನರ್ ಬಿಸಾಡಿದ. ಎದ್ದು ಓಡಿ, ಹಿಂದಿನ ತುರ್ತು ಬಾಗಿಲಿನ ಹಿಡಿಯನ್ನು ಎರಡೂ ಕೈಯಲ್ಲಿ ಜಗ್ಗಿದ. ಜಾಮ್ ಆಗಿತ್ತು. ಕಾಲು ಕೊಟ್ಟು ಇನ್ನೊಮ್ಮೆ ಎಳೆದ. ಬಾಗಿಲು ತೆರೆದಾಗ ಒಲೆಯ ಬಾಯಿ ತೆಗೆದಂತೆ ಸೆಕೆ ಮುಖಕ್ಕೆ ಬಡಿಯಿತು.

ಕೊನೆಯ ಸೀಟಿನ ಕೆಳಗೆ, ಬ್ಯಾಗನ್ನು ತಲೆಗಿಟ್ಟುಕೊಂಡು ಗುಬ್ಬಿ ಮುದುಡಿ ಮಲಗಿತ್ತು. ಕೂದಲೆಲ್ಲ ಒದ್ದೆಯಾಗಿ ಹಣೆಗಂಟಿತ್ತು, ತುಟಿ ಒಣಗಿತ್ತು. ಅವಳು ಎಳೆದು ಎತ್ತಿಕೊಂಡರೂ ಕತ್ತು ನಿಲ್ಲಲಿಲ್ಲ.

"ಗುಬ್ಬೀ. ಕಂದಾ. ಅತ್ತೆ ಕಣೇ, ಕಣ್ಣು ಬಿಡೇ."

ಗ್ರೀಸಣ್ಣ ತನ್ನ ಬಾಟಲಿಯ ನೀರನ್ನು ಮಗುವಿನ ಮುಖಕ್ಕೆ, ಕತ್ತಿಗೆ, ಎದೆಗೆ ಸುರಿದ. ಏನೂ ಇಲ್ಲ. ಮತ್ತೆ ಸುರಿದ. ರೆಪ್ಪೆ ಅದುರಿತು.

"ಮನೆ ಬಂತಾ ಅತ್ತೇ?"

ಅವಳ ಮುಷ್ಟಿಯಲ್ಲೇ ಇದ್ದ ಫೋನಿನೊಳಗಿಂದ ಅತ್ತಿಗೆ ಬಿಕ್ಕಿದ್ದು ಕೇಳಿಸಿತು. ಅವಳಿಗೂ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಡಬೇಕೆನಿಸಿತು.

ಡಾಕ್ಟರ ಹತ್ತಿರ ಹೋಗಲು ಗ್ರೀಸಣ್ಣ ಆಟೋ ತರಲು ಓಡಿದ. ಅವಳು ಮಗುವನ್ನು ಮೇಲೆ ಕರೆತಂದು ಫ್ಯಾನಿನ ಕೆಳಗೆ ತೊಡೆಯ ಮೇಲೆ ಮಲಗಿಸಿಕೊಂಡು, ಸ್ವಲ್ಪ ಸ್ವಲ್ಪವೇ ನೀರು ಕುಡಿಸಿದಳು. ಆಗ ಮೇಜಿನ ಮೇಲಿನ ಫೋನು ಬಡಿದುಕೊಂಡಿತು.

"ಮೇಡಂ, ನಾಲ್ಕನೇ ನಂಬರ್ ಬಸ್ಸಲ್ಲಿ ನಮ್ಮ ಮಗ ಇಳಿದ್ನಾ? ಮನೇಲಿ ಅಜ್ಜಿ ಫೋನ್ ಎತ್ತುತ್ತಿಲ್ಲ. ಸುಮ್ನೆ ಕೇಳಿದೆ ಅಷ್ಟೇ."

ಅವಳು ನಾಲ್ಕು ಒತ್ತಿದಳು. ಕೆಳಗಿನ ಚೌಕ ಬದಲಾಯಿತು. ದಾರಿಯ ಹೆಸರು ಸರಿಯಾಗಿತ್ತು, ಮಕ್ಕಳ ಹೆಸರುಗಳೂ ಸರಿಯಾಗಿದ್ದವು. ಎಲ್ಲವೂ ಹಸಿರು.

"ಮೇಡಂ? ಇಳಿದಿದ್ದಾನೆ ಅಲ್ವಾ?"

ಅಂಗಳದ ಆ ಕೊನೆಯಲ್ಲಿ ನಾಲ್ಕನೇ ಬಸ್ಸು ಬಿಸಿಲಿನಲ್ಲಿ ನಿಂತಿತ್ತು.

"ಲೈನಲ್ಲೇ ಇರಿ," ಎಂದಳು. "ನಾನೇ ಹೋಗಿ ನೋಡ್ಕೊಂಡು ಬರ್ತೀನಿ."

ರಿಸೀವರನ್ನು ಮೇಜಿನ ಮೇಲಿಟ್ಟು, ಗುಬ್ಬಿಯನ್ನು ಕಂಕುಳಿಗೇರಿಸಿಕೊಂಡು ಮತ್ತೆ ಮೆಟ್ಟಿಲಿಳಿದಳು.