ಅಳತೆಗೆ ಸಿಗದ ಚಿಪ್ಪಿನ ದಿಬ್ಬ

ಮೂರು ವರ್ಷದ ಬಾಕಿ ಕಂದಾಯ ವಸೂಲಿ ಮಾಡಿಯೇ ತೀರುತ್ತೇನೆಂದು ಟೇಪು ಹಿಡಿದು ಬಂದ ಗುಮಾಸ್ತನಿಗೆ ಕಂಡದ್ದು ಬರೀ ಸಮುದ್ರ.

"ನಿನ್ನ ಚಿಪ್ಪಿನ ದಿಬ್ಬ ಎಲ್ಲಿದೆ?" ಎಂದು ರೇಗಿದ.

"ಸ್ವಲ್ಪ ತಡೀರಿ ಸಾಹೇಬ್ರೆ, ಎದ್ದು ಬರುತ್ತೆ," ಎಂದಳು ಚಿಪ್ಪು ಹೆಕ್ಕುವ ಮುದುಕಿ.

ಇಳಿತಕ್ಕೆ ನೀರು ಸರಿದಂತೆ ಮರಳದಿಬ್ಬವೊಂದು ಮೆಲ್ಲಗೆ ಬೆನ್ನೆತ್ತಿತು. ಲಕ್ಷಗಟ್ಟಲೆ ಚಿಪ್ಪುಗಳು ಚಿಟಿಚಿಟಿ ಎಂದು ಬಾಯಿ ಮುಚ್ಚಿಕೊಂಡವು. ಗುಮಾಸ್ತನ ಬಾಯಿ ತೆರೆದೇ ಉಳಿಯಿತು.

ಸಾವರಿಸಿಕೊಂಡು ಬೂಟು ಕಳಚಿದ, ಗೂಟ ನೆಟ್ಟು ಅಳೆಯುತ್ತಾ ಹೋದ. ಆ ತುದಿ ಮುಟ್ಟಿ ತಿರುಗಿದರೆ ಈ ತುದಿಯ ಗೂಟ ಆಗಲೇ ನೀರಿನಲ್ಲಿತ್ತು.

"ಕಟ್ಟಲ್ಲ ಅಂತ ನಾನ್ಯಾವತ್ತೂ ಅಂದಿಲ್ಲ. ಎಷ್ಟು ನೆಲ ಅಂತ ನೀವೇ ಹೇಳಿ, ಕಟ್ತೀನಿ," ಎಂದಳು ಮುದುಕಿ.

ಗುಮಾಸ್ತ ಟೇಪು ಸುತ್ತಿಟ್ಟ.

"ನಾಳೆ ಎಷ್ಟೊತ್ತಿಗೆ ಏಳುತ್ತಮ್ಮಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದ. "ಮಕ್ಕಳನ್ನ ಕರ್ಕೊಂಡು ಬರ್ತೀನಿ."