ಖಾಲಿ ಹೊಟ್ಟೆಯ ಬಿ.ಪಿ.

ನೂರ ನಾಲ್ಕು, ಅರವತ್ತು — ಬಾಗಿಲ ಬಳಿ ನರ್ಸ್ ಬಿ.ಪಿ. ನೋಡಿ ಹೇಳಿದ್ದು ಡಾಕ್ಟರಮ್ಮನ ಕಿವಿಗೆ ತಡವಾಗಿ ಬಿತ್ತು, ಬೆಳಗಿನಿಂದ ಇದು ಅರವತ್ತೊಂದನೆಯ ಚೀಟಿ, ಗಾಣದೆತ್ತಿಗಾದರೂ ನಡುವೆ ನೊಗ ಇಳಿಸುತ್ತಾರೆ, ಯಾರದು ಈ ನೂರ ನಾಲ್ಕು, ಬಟ್ಟೆ ಹೊಲಿಯುವ ಈಕೆಯದೇ, ಈಕೆಯದು ಇಲ್ಲಿ ಯಾವತ್ತೂ ನೂರ ಎಪ್ಪತ್ತರ ಕೆಳಗೆ ಇಳಿದದ್ದಿಲ್ಲವಲ್ಲ, ಚೀಟಿಯ ತುಂಬ ತನ್ನದೇ ಕೋಳಿಕಾಲಿನ ಅಕ್ಷರ, ಫೆಬ್ರವರಿಯಲ್ಲಿ ಒಂದು ಮಾತ್ರೆ, ಮೇನಲ್ಲಿ ಎರಡು, ಆಗಸ್ಟಿನಲ್ಲಿ ಮೂರು, ಅಂಕಿ ನೋಡು, ಮಾತ್ರೆ ಏರಿಸು, ಮುಂದಿನವರು ಬನ್ನಿ — ಮತ್ತೆ ಮೇಜಿನಂಚಿನಲ್ಲಿ ಇದೇನಿದು, ಮೊಣಕೈವರೆಗೂ ಬಿಳಿ ಪ್ಲಾಸ್ಟರ್, ಅದರೊಳಗಿಂದ ಇಣುಕುವ ಹೆಬ್ಬೆರಳು, ಬಲಗೈಯದು. ಬಿದ್ದೆ ಡಾಕ್ಟ್ರೇ, ಮಾತ್ರೆ ನುಂಗಿ ಮಿಷನ್ ಮುಂದೆ ಕೂತಿದ್ದೆ, ಎದ್ದ ಕೂಡ್ಲೇ ಕಣ್ಣು ಕತ್ತಲೆ ಬಂತು. ಇಲ್ಲಿ ಬಂದಾಗೆಲ್ಲ ಏರಿರುತ್ತಿದ್ದುದು ಇವತ್ತು ಹೇಗೆ ಇಳಿಯಿತು ಎಂದರೆ ಆಕೆಗೇ ಸಂಕೋಚ, ತಪ್ಪು ತನ್ನದೇ ಎನ್ನುವ ಹಾಗೆ: ಇವತ್ತು ನುಂಗ್ಕೊಂಡು ಬಂದೆ, ರಕ್ತಪರೀಕ್ಷೆ ಇಲ್ವಲ್ಲ. ಬೇರೆ ಸಲ ಖಾಲಿ ಹೊಟ್ಟೇಲಿ ಬನ್ನಿ ಅಂತಿದ್ರಿ, ಅದಕ್ಕೇ ಮಾತ್ರೆನೂ ಬಿಟ್ಟೇ ಬರ್ತಿದ್ದೆ.

ಎರಡು ಸಲ, ಎರಡೂ ಸಲ ಮಾತ್ರೆ ಇಲ್ಲದ ಬೆಳಗಿನ ಅಂಕಿಯನ್ನು ನೋಡಿ ಮಾತ್ರೆ ಏರಿಸಿದಳು ಈ ಜಾಣೆ ಡಾಕ್ಟರಮ್ಮ, ಅದೂ ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದವಳ ಅಂಕಿ, ಇವತ್ತು ಮಾತ್ರೆ ತಗೊಂಡ್ರಾ ಅಂತ ಒಂದು ಮಾತು, ಅಷ್ಟೇ, ಅದಕ್ಕೆಷ್ಟು ಹೊತ್ತು ಬೇಕಿತ್ತು, ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಇಲ್ಲಿ ಮಾಡಿದವಳು ಒಬ್ಬಳು, ಉಂಡವಳು ಇನ್ನೊಬ್ಬಳು. ಸ್ವಲ್ಪ ನಿಂತುಕೊಳ್ಳಿ ಎಂದು ಎಡಗೈಗೆ ಪಟ್ಟಿ ಸುತ್ತಿ ತಾನೇ ನೋಡಿದಳು, ನಿಂತರೆ ಎಂಬತ್ತಾರು, ಕೂರಿ, ಕೂರಿ ಅಮ್ಮಾ, ಎರಡು ಮಾತ್ರೆಗಳ ಮೇಲೆ ಗೀಟು ಎಳೆದಳು, ರಕ್ತ ಕೊಡುವ ದಿನವೂ ಒಂದು ಗುಟುಕು ನೀರಲ್ಲಿ ಬಿ.ಪಿ. ಮಾತ್ರೆ ನುಂಗಿಯೇ ಬನ್ನಿ, ತಪ್ಪು ನನ್ನದು, ನಾನು ಕೇಳಬೇಕಿತ್ತು. ಅಯ್ಯೋ ಬಿಡಿ ಡಾಕ್ಟ್ರೇ, ನೀವಾದ್ರೂ ಎಷ್ಟು ಜನರನ್ನ ನೋಡ್ತೀರಿ, ಮೂಳೆ ಡಾಕ್ಟ್ರು ಹೇಳಿದ್ರು, ಪ್ಲಾಸ್ಟರ್ ಬಿಚ್ಚಿದ್ರೂ ಕತ್ತರಿ ಹಿಡಿಯೋದು ಕಷ್ಟ ಅಂತ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ, ನರ್ಸ್ ಆಗಲೇ ಅರವತ್ತೆರಡು ಎನ್ನುತ್ತಿದ್ದಾಳೆ, ಪೆನ್ನು ಎತ್ತಬೇಕು, ಮುಂದಿನವರು ಬನ್ನಿ ಅನ್ನಬೇಕು, ಕಣ್ಣು ಮಾತ್ರ ಮೇಜಿನಂಚು ಬಿಟ್ಟು ಏಳದು — ಬಿಳಿ ಪ್ಲಾಸ್ಟರಿನ ಬಾಯಲ್ಲಿ ಆ ಹೆಬ್ಬೆರಳು, ಆಕೆಗೇ ಗೊತ್ತಿಲ್ಲದೆ, ಇಲ್ಲದ ಕತ್ತರಿಯ ಹಿಡಿಯನ್ನು ತೆರೆಯುತ್ತಿದೆ, ಮುಚ್ಚುತ್ತಿದೆ, ತೆರೆಯುತ್ತಿದೆ